ಒಂದು ಓದು, ಹಲವು ಸೂತ್ರ

ಐನೂರು ಪುಟಗಳ ಒಂದು ಗ್ರಂಥಕ್ಕೆ ಪದಸೂಚಿಯನ್ನು ಸಿದ್ಧಪಡಿಸಬೇಕಾಗಿದೆ ಎಂದು ಭಾವಿಸೋಣ. ಸೂಚಿಯಲ್ಲಿ ಸೇರಬೇಕಾದ ಇನ್ನೂರು ಪದಗಳ ಪಟ್ಟಿ ಕೈಯಲ್ಲಿದೆ. ಈ ಕೆಲಸವನ್ನು ವಹಿಸಿಕೊಂಡವನು ಮೊದಲನೆಯ ಪದವನ್ನು ಮನಸ್ಸಿನಲ್ಲಿಟ್ಟುಕೊಂಡು ಗ್ರಂಥವನ್ನು ಆದ್ಯಂತವಾಗಿ ಓದಿದನು. ಎರಡನೆಯ ಪದಕ್ಕಾಗಿ ಮತ್ತೆ ಮೊದಲ ಪುಟದಿಂದ ಆರಂಭಿಸಿದನು. ಹೀಗೆ ಇನ್ನೂರು ಸಲ ಅದೇ ಗ್ರಂಥವನ್ನು ಓದಿ ಮುಗಿಸಿದನು ಎಂದು ಯಾರಾದರೂ ಹೇಳಿದರೆ ನಾವು ನಗದೆ ಇರಲಾರೆವು. ವಿವೇಕಿಯಾದವನು ಪಟ್ಟಿಯನ್ನು ಮೊದಲು ಮನನ ಮಾಡಿಕೊಳ್ಳುತ್ತಾನೆ. ಅನಂತರ ಗ್ರಂಥವನ್ನು ಒಂದೇ ಸಲ ಓದುತ್ತ, ಪಟ್ಟಿಯ ಯಾವ ಪದ ಎದುರಾದರೂ ಅದರ ಪುಟವನ್ನು ಗುರುತು ಹಾಕಿಕೊಳ್ಳುತ್ತಾನೆ.

ಇಂದು ಗಣಕಯಂತ್ರಗಳಿಗಾಗಿ ಬರೆಯಲಾಗುತ್ತಿರುವ ಕ್ರಮವಿಧಿಗಳಲ್ಲಿ, ಅಂದರೆ ಪ್ರೋಗ್ರಾಮುಗಳಲ್ಲಿ, ಎಷ್ಟೋ ಕ್ರಮವಿಧಿಗಳು ನಮ್ಮ ನಗೆಗೆ ಗುರಿಯಾದ ಆ ಮೊದಲನೆಯವನ ಮಾರ್ಗವನ್ನೇ ಹಿಡಿದಿವೆ. ಒಂದು ಪಠ್ಯದಲ್ಲಿ ಹಲವು ಬಗೆಯ ಪದವಿನ್ಯಾಸಗಳನ್ನು ಹುಡುಕಬೇಕಾದಾಗ ಅವು ಒಂದೊಂದು ವಿನ್ಯಾಸಕ್ಕೂ ಒಂದೊಂದು ಸಲ ಪಠ್ಯವನ್ನು ಮೊದಲಿನಿಂದ ಕಡೆಯವರೆಗೆ ಓದುತ್ತವೆ. ಯಂತ್ರವು ಬೇಸರಪಡುವುದಿಲ್ಲವಾದ್ದರಿಂದ ಈ ವ್ಯರ್ಥಶ್ರಮ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆದರೆ ಅದರ ಬೆಲೆಯನ್ನು ಯಾರಾದರೂ ತೆರಲೇಬೇಕಾಗುತ್ತದೆ. ಕೆಲವು ಸಂದರ್ಭಗಳಲ್ಲಿ ಜಗತ್ತೇ ತೆತ್ತಿರುವುದೂ ಉಂಟು.

ಹಲವು ವಿನ್ಯಾಸಗಳನ್ನು ಒಂದು ಪಠ್ಯದೊಡನೆ ಹೋಲಿಸುವ ಈ ವಿದ್ಯೆಯನ್ನು ಕೇವಲ ಕೈಚಳಕವೆಂದು ಕಲಿಯುವುದನ್ನು ಬಿಟ್ಟು, ಅದರ ಹಿಂದಿರುವ ಗಣಿತದೊಡನೆ ಕೂಡಿಸಿ ಕಲಿಯಬೇಕು ಎಂಬುದು ನಮ್ಮ ಅಭಿಪ್ರಾಯ. ಹಾಗೆ ಕಲಿಯದೆ ಹೋದರೆ ಆಗುವ ನಷ್ಟವು ಪರೀಕ್ಷೆಯ ಅಂಕಗಳಲ್ಲಿ ಮುಗಿಯುವುದಿಲ್ಲ. ಇದನ್ನು ವಿದ್ಯಾರ್ಥಿಗಳಿಗೆ ಮನದಟ್ಟು ಮಾಡುವುದೇ ಈ ಲೇಖನದ ಉದ್ದೇಶ.

ಮೊದಲು ಹೆಸರಿನ ಮಾತು. ಪಠ್ಯದಲ್ಲಿ ಹುಡುಕಬೇಕಾದ ವಿನ್ಯಾಸವನ್ನು ಸಂಕ್ಷೇಪವಾಗಿ ಬರೆಯುವ ಸಂಕೇತಕ್ಕೆ ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂದು ಹೆಸರು. ನಾವು ಇಲ್ಲಿ ಅದನ್ನು 'ಸೂತ್ರ' ಎಂದು ಕರೆಯೋಣ. ವ್ಯಾಕರಣದ ಸೂತ್ರದಂತೆ ಇದೂ ಅಲ್ಪಾಕ್ಷರದಲ್ಲಿ ಬಹ್ವರ್ಥವನ್ನು ಹೇಳುತ್ತದೆ. ಇದರ ಮೂಲಕ್ರಿಯೆಗಳು ಮೂರೇ. ಮೊದಲನೆಯದು ಜೋಡಣೆ: 'ಮರ' ಎಂದರೆ ಮಕಾರದ ಮುಂದೆ ರಕಾರ. ಎರಡನೆಯದು ವಿಕಲ್ಪ: 'ಮರ|ವನ' ಎಂದರೆ ಮರ ಅಥವಾ ವನ. ಮೂರನೆಯದು ಆವೃತ್ತಿ: 'ಅ*' ಎಂದರೆ ಅಕಾರವು ಎಷ್ಟು ಸಲವಾದರೂ ಬರಬಹುದು, ಬಾರದೆಯೂ ಇರಬಹುದು. 'ಅ+' ಎಂದರೆ ಒಂದು ಸಲವಾದರೂ ಬರಬೇಕು. ಬರಿಯ ಚುಕ್ಕೆಯನ್ನಿಟ್ಟರೆ 'ಯಾವುದಾದರೂ ಒಂದು ಅಕ್ಷರ' ಎಂದು ಅರ್ಥ. ಉಳಿದ ಅಲಂಕಾರಗಳಲ್ಲಿ ಬಹುಭಾಗ ಈ ಮೂರರ ವಿಸ್ತಾರವೇ.

ಈ ಸೂತ್ರಗಳು ಹುಟ್ಟಿದ್ದು ಪಠ್ಯವನ್ನು ಹುಡುಕುವುದಕ್ಕಾಗಿ ಅಲ್ಲ ಎಂಬುದು ಸ್ವಾರಸ್ಯದ ಸಂಗತಿ. 1943ರಲ್ಲಿ ವಾರೆನ್ ಮೆಕಲಕ್ ಮತ್ತು ವಾಲ್ಟರ್ ಪಿಟ್ಸ್ ಎಂಬ ಇಬ್ಬರು ಮಿದುಳಿನ ನರಕೋಶಗಳ ವ್ಯಾಪಾರವನ್ನು ತರ್ಕದ ಭಾಷೆಯಲ್ಲಿ ನಿರೂಪಿಸಲು ಯತ್ನಿಸಿದರು. ಅಂಥ ನರಜಾಲವು ಯಾವ ಯಾವ ಘಟನಾಸರಣಿಗಳನ್ನು ಗುರುತಿಸಬಲ್ಲುದು ಎಂಬ ಪ್ರಶ್ನೆಯನ್ನು ಅಮೆರಿಕದ ಗಣಿತಜ್ಞ ಸ್ಟೀಫನ್ ಕ್ಲೀನಿಯವರು 1951ರಲ್ಲಿ ಕೈಗೆತ್ತಿಕೊಂಡರು. ಅದಕ್ಕೆ ಉತ್ತರವನ್ನು ಬರೆಯಲು ಅವರು ಕಲ್ಪಿಸಿದ ಸಂಕೇತವೇ ಈ ಸೂತ್ರ. ಆ ಪ್ರಬಂಧವು 1956ರಲ್ಲಿ ಅಚ್ಚಾಯಿತು. ಇಂತಹ ಸೂತ್ರಗಳು ವರ್ಣಿಸಬಲ್ಲ ವಿನ್ಯಾಸಗಳೆಲ್ಲವನ್ನೂ ಪರಿಮಿತ ಸಂಖ್ಯೆಯ ಸ್ಥಿತಿಗಳುಳ್ಳ ಒಂದು ಸರಳ ಯಂತ್ರವು ಗುರುತಿಸಬಲ್ಲುದು. ಅಂತಹ ಯಂತ್ರವು ಗುರುತಿಸುವುದೆಲ್ಲವನ್ನೂ ಸೂತ್ರವು ವರ್ಣಿಸಬಲ್ಲುದು. ಇದು ಕ್ಲೀನಿಯವರ ಸಿದ್ಧಾಂತದ ಸಾರ.

ಈ ಶುದ್ಧಗಣಿತವನ್ನು ಉಪಯೋಗಕ್ಕೆ ತಂದವರಲ್ಲಿ ಕೆನ್ ಥಾಂಪ್ಸನ್ ಪ್ರಮುಖರು. 1968ರಲ್ಲಿ ಪ್ರಕಟವಾದ ತಮ್ಮ ಲೇಖನದಲ್ಲಿ ಅವರು ಸೂತ್ರವನ್ನು ಐ.ಬಿ.ಎಂ. 7094 ಯಂತ್ರದ ಆಜ್ಞೆಗಳನ್ನಾಗಿ ಪರಿವರ್ತಿಸುವ ವಿಧಾನವನ್ನು ತೋರಿಸಿದರು. ಆ ವಿಧಾನದ ತಿರುಳನ್ನು ಹೀಗೆ ಹೇಳಬಹುದು. ಸೂತ್ರವನ್ನು ಒಂದು ಊರಿನ ನಕ್ಷೆಯಂತೆ ಬರೆದುಕೊಳ್ಳಿ. ಒಂದು ಅಕ್ಷರವನ್ನು ಓದಿದಾಗ ಒಂದು ಹಾದಿಯಲ್ಲಿ ಮುಂದೆ ಸಾಗಬಹುದು. ಕವಲುದಾರಿ ಬಂದರೆ ಯಾವ ಕಡೆ ಹೋಗಬೇಕೆಂದು ಚಿಂತಿಸುತ್ತ ನಿಲ್ಲಬೇಕಾಗಿಲ್ಲ; ಎರಡು ಹಾದಿಗಳ ಮೇಲೂ ಒಂದೊಂದು ಬೆರಳನ್ನಿಡಿ. ಮುಂದಿನ ಅಕ್ಷರವನ್ನು ಓದಿದಾಗ ಎಲ್ಲ ಬೆರಳುಗಳನ್ನೂ ಒಮ್ಮೆಗೇ ಮುಂದೂಡಿರಿ. ಮುಂದೆ ಹೋಗಲಾರದ ಬೆರಳನ್ನು ತೆಗೆದುಬಿಡಿ. ಯಾವುದಾದರೂ ಒಂದು ಬೆರಳು ಗುರಿಯನ್ನು ಮುಟ್ಟಿದರೆ ವಿನ್ಯಾಸ ಸಿಕ್ಕಿತು. ಬೆರಳುಗಳ ಸಂಖ್ಯೆ ನಕ್ಷೆಯಲ್ಲಿರುವ ಸ್ಥಾನಗಳ ಸಂಖ್ಯೆಯನ್ನು ಎಂದಿಗೂ ಮೀರದು. ಪಠ್ಯವನ್ನು ಹಿಂದಿರುಗಿ ನೋಡುವ ಪ್ರಸಂಗವೇ ಬಾರದು. ಹೀಗಾಗಿ ಶ್ರಮವು ಪಠ್ಯದ ಉದ್ದವನ್ನು ಸೂತ್ರದ ಉದ್ದದಿಂದ ಗುಣಿಸಿದಷ್ಟರ ಪರಿಮಿತಿಯಲ್ಲಿಯೇ ಉಳಿಯುತ್ತದೆ.

ಆದರೆ ಬಹು ಪ್ರಚಾರದಲ್ಲಿರುವ ಅನೇಕ ಭಾಷೆಗಳು ಈ ಮಾರ್ಗವನ್ನು ಅನುಸರಿಸಲಿಲ್ಲ. ಪರ್ಲ್, ಪೈಥಾನ್, ಜಾವಾ ಮೊದಲಾದವುಗಳಲ್ಲಿ ಸಾಮಾನ್ಯವಾಗಿ ಒದಗುವುದು ಬ್ಯಾಕ್‌ಟ್ರ್ಯಾಕಿಂಗ್ ಎಂಬ ಬೇರೊಂದು ಕ್ರಮ. ಇದರಲ್ಲಿ ಇರುವುದು ಒಂದೇ ಬೆರಳು. ಕವಲು ಬಂದಾಗ ಒಂದು ಹಾದಿಯನ್ನು ಹಿಡಿದು ಹೊರಡುತ್ತದೆ; ಅಲ್ಲಿ ದಾರಿ ಮುಚ್ಚಿದ್ದರೆ ಕವಲಿಗೆ ಹಿಂದಿರುಗಿ ಇನ್ನೊಂದು ಹಾದಿಯನ್ನು ಹಿಡಿಯುತ್ತದೆ. ಇದರಿಂದ ಕೆಲವು ಅನುಕೂಲಗಳುಂಟು. ಮೊದಲು ಸಿಕ್ಕ ಭಾಗವೇ ಮುಂದೆ ಮತ್ತೊಮ್ಮೆ ಬರಬೇಕು ಎಂಬಂತಹ ನಿಯಮಗಳನ್ನು ಪರಿಮಿತ ಸ್ಥಿತಿಯಂತ್ರವು ಪಾಲಿಸಲಾರದು; ಈ ಕ್ರಮವು ಪಾಲಿಸಬಲ್ಲುದು. ಆದರೆ ಇದರ ಅಪಾಯವನ್ನು ಒಂದು ಚಿಕ್ಕ ಉದಾಹರಣೆಯಿಂದ ತಿಳಿಯಬಹುದು.

'(ಅ+)+ಬ' ಎಂಬ ಸೂತ್ರವನ್ನು ತೆಗೆದುಕೊಳ್ಳಿ. ಅಕಾರಗಳ ಗುಂಪುಗಳು, ಕಡೆಗೆ ಒಂದು ಬಕಾರ ಎಂದು ಇದರ ಅರ್ಥ. ಪಠ್ಯದಲ್ಲಿ ಮೂವತ್ತು ಅಕಾರಗಳಿದ್ದು ಬಕಾರವೇ ಇಲ್ಲದಿದ್ದರೆ ಮನುಷ್ಯನು ಒಂದೇ ನೋಟಕ್ಕೆ 'ಇಲ್ಲ' ಎಂದುಬಿಡುತ್ತಾನೆ. ಒಂಟಿ ಬೆರಳಿನ ಎಂಜಿನ್ನಿಗೆ ಹಾಗೆ ಹೇಳುವ ವಿವೇಕವಿಲ್ಲ. ಮೂವತ್ತು ಅಕಾರಗಳನ್ನು ಗುಂಪುಗಳಾಗಿ ಒಡೆಯುವ ಎಲ್ಲ ವಿಧಗಳನ್ನೂ ಅದು ಪರೀಕ್ಷಿಸಿ ನೋಡುತ್ತದೆ. ಪಕ್ಕಪಕ್ಕದ ಅಕಾರಗಳ ನಡುವೆ ಇರುವ 29 ಸಂದುಗಳಲ್ಲಿ ಪ್ರತಿಯೊಂದರಲ್ಲಿಯೂ ಒಡೆಯಬಹುದು ಇಲ್ಲವೆ ಒಡೆಯದಿರಬಹುದು; ಆದ್ದರಿಂದ ಇಂತಹ ವಿಧಗಳು 53,68,70,912. ಅಂದರೆ ಐವತ್ತಮೂರು ಕೋಟಿಗೂ ಮಿಗಿಲು! ಒಂದು ಅಕಾರವನ್ನು ಹೆಚ್ಚಿಸಿದರೆ ಈ ಸಂಖ್ಯೆ ಇಮ್ಮಡಿಯಾಗುತ್ತದೆ. 'ಯಂತ್ರಗಳ ವೇಗ ದಿನದಿನಕ್ಕೆ ಹೆಚ್ಚುತ್ತಿದೆಯಲ್ಲ, ಚಿಂತೆಯೇಕೆ?' ಎಂದು ಕೆಲವರು ಕೇಳಬಹುದು. ಸಾವಿರ ಪಟ್ಟು ವೇಗದ ಹೊಸ ಯಂತ್ರವನ್ನು ತಂದಿಟ್ಟರೂ, ಹಳೆಯ ಯಂತ್ರ ತೆಗೆದುಕೊಳ್ಳುತ್ತಿದ್ದ ಕಾಲದಲ್ಲಿಯೇ ಅದು ನಿಭಾಯಿಸುವುದು ಇನ್ನು ಹತ್ತು ಅಕಾರಗಳನ್ನು ಮಾತ್ರ. ವೇಗದಿಂದ ಗೆಲ್ಲಬಹುದಾದ ಶತ್ರು ಇದಲ್ಲ.

ಇದು ಕರಿಹಲಗೆಯ ಮೇಲಿನ ಕಲ್ಪನೆಯಷ್ಟೇ ಎಂದು ಭಾವಿಸುವವರು 2016ನೆಯ ಇಸವಿಯ ಜುಲೈ 20ರ ಘಟನೆಯನ್ನು ನೋಡಬೇಕು. ಕ್ರಮವಿಧಿಕಾರರ ಪ್ರಶ್ನೋತ್ತರಗಳಿಗೆ ಹೆಸರಾದ ಸ್ಟ್ಯಾಕ್ ಓವರ್‌ಫ್ಲೋ ಎಂಬ ತಾಣವು ಆ ದಿನ 34 ನಿಮಿಷಗಳ ಕಾಲ ನಿಂತುಹೋಯಿತು. ಸಾಲುಗಳ ಆದಿ ಅಂತ್ಯಗಳಲ್ಲಿರುವ ಖಾಲಿ ಸ್ಥಳಗಳನ್ನು ತೆಗೆಯುವ ನಿರುಪದ್ರವಿ ಸೂತ್ರವೊಂದು ಅಲ್ಲಿತ್ತು. ಯಾರದೋ ಬರೆಹದಲ್ಲಿ ಸುಮಾರು 20,000 ಖಾಲಿ ಸ್ಥಳಗಳು ಒಂದೇ ಸಾಲಿನಲ್ಲಿ, ಆದರೆ ಸಾಲಿನ ಅಂತ್ಯವನ್ನು ಮುಟ್ಟದಂತೆ, ಸೇರಿಕೊಂಡಿದ್ದವು. ಎಂಜಿನ್ನು ಮೊದಲನೆಯ ಸ್ಥಳದಿಂದ ಹೊರಟು ಅಷ್ಟನ್ನೂ ದಾಟಿ ಸೋತಿತು. ಎರಡನೆಯದರಿಂದ ಹೊರಟು ಮತ್ತೆ ಸೋತಿತು. ಹೀಗೆ ಅದು ಮಾಡಿದ ಪರೀಕ್ಷೆಗಳು ಸುಮಾರು 20 ಕೋಟಿ.

ಅದಕ್ಕಿಂತ ದೊಡ್ಡ ಘಟನೆ ನಡೆದದ್ದು 2019ನೆಯ ಇಸವಿಯ ಜುಲೈ 2ರಂದು. ಅಸಂಖ್ಯಾತ ತಾಣಗಳಿಗೂ ಅವುಗಳ ವಾಚಕರಿಗೂ ನಡುವೆ ನಿಂತು ದುಷ್ಟರ ಕೋರಿಕೆಗಳನ್ನು ತಡೆಯುವುದು ಕ್ಲೌಡ್‌ಫ್ಲೇರ್ ಸಂಸ್ಥೆಯ ಸೇವೆಗಳಲ್ಲಿ ಒಂದು. ಒಳಬರುವ ಒಂದೊಂದು ಕೋರಿಕೆಯನ್ನೂ ಹಲವು ಸೂತ್ರಗಳೊಡನೆ ಹೋಲಿಸಿ ನೋಡುವ ಈ ಕೆಲಸ ನಮ್ಮ ವಿಷಯಕ್ಕೆ ತಕ್ಕ ನಿದರ್ಶನವೇ ಸರಿ. ಆ ದಿನ ಹೊಸದಾಗಿ ಸೇರಿಸಿದ ಒಂದು ಸೂತ್ರದಲ್ಲಿ '.*.*=.*' ಎಂಬುದಕ್ಕೆ ಸಮಾನವಾದ ಭಾಗವಿತ್ತು. 'ಏನಾದರೂ' ಎಂಬುದರ ಪಕ್ಕದಲ್ಲಿಯೇ ಮತ್ತೊಂದು 'ಏನಾದರೂ'! ಮೊದಲನೆಯದು ಎಲ್ಲಿ ಮುಗಿದು ಎರಡನೆಯದು ಎಲ್ಲಿ ತೊಡಗುತ್ತದೆಂದು ಗೊತ್ತಿಲ್ಲದ ಎಂಜಿನ್ನು ಎಲ್ಲ ಎಲ್ಲೆಗಳನ್ನೂ ಪರೀಕ್ಷಿಸತೊಡಗಿತು. ಸಂಸ್ಥೆಯ ಯಂತ್ರಗಳು ಜಗತ್ತಿನಾದ್ಯಂತ ಒಮ್ಮೆಗೇ ಬಳಲಿ ನಿಂತವು. ಸುಮಾರು 27 ನಿಮಿಷಗಳ ಆ ಅವಧಿಯಲ್ಲಿ ಅದರ ಮೂಲಕ ಸಾಗುವ ಸಂಚಾರವು ಒಂದು ಹಂತದಲ್ಲಿ ಶೇಕಡ 82ರಷ್ಟು ಇಳಿದುಹೋಯಿತು. ತಪ್ಪು ಸೂತ್ರವೊಂದರದೇ ಅಲ್ಲ. ಅತಿಶ್ರಮವನ್ನು ತಡೆಯಬೇಕಾಗಿದ್ದ ಕಾವಲೊಂದನ್ನು ಕೆಲವು ವಾರಗಳ ಹಿಂದೆ ಅಜಾಗ್ರತೆಯಿಂದ ತೆಗೆದುಹಾಕಲಾಗಿತ್ತು. ಸಂಸ್ಥೆಯು ಇದನ್ನೆಲ್ಲ ಮುಚ್ಚಿಡದೆ ಪ್ರಕಟಿಸಿತು. ಶ್ರಮದ ಮಿತಿಯನ್ನು ಖಚಿತವಾಗಿ ಹೇಳಬಲ್ಲ ಎಂಜಿನ್ನಿಗೆ ಬದಲಾಯಿಸುವುದಾಗಿಯೂ ತಿಳಿಸಿತು. ಕ್ಲೀನಿ ಮತ್ತು ಥಾಂಪ್ಸನ್ನರು ತೋರಿದ ಮಾರ್ಗಕ್ಕೆ ಹಿಂದಿರುಗುತ್ತೇವೆ ಎಂಬುದೇ ಈ ಮಾತಿನ ಅರ್ಥ.

ಇಷ್ಟು ಒಂದು ಸೂತ್ರದ ಮಾತಾಯಿತು. ಸೂತ್ರಗಳು ನೂರಾದಾಗ ಏನು ಮಾಡಬೇಕು? ಮೂರು ಮಾರ್ಗಗಳಿವೆ.

ಮೊದಲನೆಯದು ಒಂದಾದ ಮೇಲೊಂದರಂತೆ ಪರೀಕ್ಷಿಸುವುದು. ಇದು ಸರಳ, ಯಾವ ಸೂತ್ರ ಹೊಂದಿತೆಂಬುದೂ ಸ್ಪಷ್ಟ. ಆದರೆ ಸೂತ್ರಗಳು ನೂರಾದರೆ ಓದುಗಳೂ ನೂರು. ಅಲ್ಲದೆ ನೂರರಲ್ಲಿ ಒಂದು ಸೂತ್ರ ಕೆಟ್ಟದ್ದಾದರೂ ಉಳಿದ ತೊಂಬತ್ತೊಂಬತ್ತು ಅದರ ಹಿಂದೆ ಕಾಯುತ್ತ ನಿಲ್ಲಬೇಕು.

ಎರಡನೆಯದು ಎಲ್ಲ ಸೂತ್ರಗಳನ್ನೂ ವಿಕಲ್ಪಚಿಹ್ನೆಯಿಂದ ಕೂಡಿಸಿ ಒಂದೇ ದೊಡ್ಡ ಸೂತ್ರವನ್ನಾಗಿ ಮಾಡುವುದು. ಬುದ್ಧಿವಂತರೆನಿಸಿಕೊಂಡವರು ಸಾಮಾನ್ಯವಾಗಿ ಇಲ್ಲಿಗೆ ಬಂದು ನಿಲ್ಲುತ್ತಾರೆ. ಆದರೆ ಒಂಟಿ ಬೆರಳಿನ ಎಂಜಿನ್ನು ಈ ದೊಡ್ಡ ಸೂತ್ರದ ಶಾಖೆಗಳನ್ನೂ ಒಂದೊಂದಾಗಿಯೇ ಪರೀಕ್ಷಿಸುವುದರಿಂದ ನೂರು ಓದುಗಳು ಹೊರಗಿನಿಂದ ಒಳಕ್ಕೆ ಹೋದವೇ ಹೊರತು ಅಳಿಯಲಿಲ್ಲ. ಇನ್ನೊಂದು ತೊಡಕೂ ಉಂಟು. 'ಮರ|ಮರಣ' ಎಂದು ಬರೆದು 'ಮರಣ' ಎಂಬ ಪಠ್ಯದಲ್ಲಿ ಹುಡುಕಿದರೆ ಇಂತಹ ಎಂಜಿನ್ನು 'ಮರ' ಸಿಕ್ಕಿತೆಂದು ಹೇಳಿ ತೃಪ್ತಿಪಡುತ್ತದೆ, ಏಕೆಂದರೆ ಮೊದಲು ಬರೆದದ್ದು ಮರ. ಪಾಸಿಕ್ಸ್ ಎಂಬ ಮಾನಕವನ್ನು ಅನುಸರಿಸುವ ಸಾಧನಗಳು ಅತಿ ದೀರ್ಘವಾದುದನ್ನು ಆಯ್ದು 'ಮರಣ' ಎನ್ನುತ್ತವೆ. ಒಂದೇ ಸೂತ್ರ, ಒಂದೇ ಪಠ್ಯ, ಎರಡು ಉತ್ತರ! ಮೇಲಾಗಿ 'ಮರಣ'ದೊಳಗೆ 'ರಣ'ವೂ ಇದೆ. ಅದೂ ನಮ್ಮ ಪಟ್ಟಿಯಲ್ಲಿದ್ದರೆ ಇವೆರಡರಲ್ಲಿ ಯಾವುದೂ ಅದನ್ನು ಹೇಳುವುದಿಲ್ಲ. ನಮಗೆ ಬೇಕಾದದ್ದು ಒಂದು ಉತ್ತರವೋ ಎಲ್ಲ ಉತ್ತರಗಳೋ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳದವನಿಗೆ ವಿಕಲ್ಪಚಿಹ್ನೆಯು ಮೌನವಾಗಿ ಮೋಸಮಾಡುತ್ತದೆ.

ಮೂರನೆಯದು ಪದಸೂಚಿಕಾರನ ಮಾರ್ಗ: ಎಲ್ಲ ಸೂತ್ರಗಳಿಂದಲೂ ಒಂದೇ ಸ್ಥಿತಿಯಂತ್ರವನ್ನು ಕಟ್ಟುವುದು. ಬರಿಯ ಪದಗಳ ಪಟ್ಟಿಗೆ ಇದನ್ನು ಸುಂದರವಾಗಿ ಸಾಧಿಸಿದವರು ಬೆಲ್ ಪ್ರಯೋಗಾಲಯದ ಆಲ್ಫ್ರೆಡ್ ಅಹೋ ಮತ್ತು ಮಾರ್ಗರೆಟ್ ಕೊರಾಸಿಕ್. ಅವರ ಲೇಖನ 1975ರಲ್ಲಿ ಪ್ರಕಟವಾಯಿತು. ಅವರ ಎದುರಿಗಿದ್ದ ಸಮಸ್ಯೆಯೂ ಗ್ರಂಥಭಂಡಾರದ ಸೂಚಿಯಲ್ಲಿ ಹಲವು ಪದಗಳನ್ನು ಹುಡುಕುವುದೇ ಆಗಿತ್ತು. ಹೊಸ ವಿಧಾನದಿಂದ ಆ ಕ್ರಮವಿಧಿಯ ವೇಗ 5ರಿಂದ 10 ಪಟ್ಟು ಹೆಚ್ಚಿತೆಂದು ಅವರು ಬರೆದಿದ್ದಾರೆ.

ನಮ್ಮ ಪಟ್ಟಿಯಲ್ಲಿ ಮರ, ಮರಣ, ರಣ, ರಥ ಎಂಬ ನಾಲ್ಕು ಪದಗಳಿವೆ ಎನ್ನೋಣ. ಇವುಗಳನ್ನು ಒಂದು ವೃಕ್ಷವಾಗಿ ಬರೆಯಬೇಕು. ಬೇರಿನಿಂದ ಎರಡು ಕೊಂಬೆಗಳು: ಒಂದು 'ಮ', ಇನ್ನೊಂದು 'ರ'. ಮೊದಲ ಕೊಂಬೆ ಮ, ಮರ, ಮರಣ ಎಂದು ಬೆಳೆಯುತ್ತದೆ. ಎರಡನೆಯದು ರಣ, ರಥ ಎಂದು ಕವಲೊಡೆಯುತ್ತದೆ. ಇದರ ಮೇಲೆ ಅಹೋ ಮತ್ತು ಕೊರಾಸಿಕ್ ಒಂದು ಹೊಸ ಏರ್ಪಾಡನ್ನು ಸೇರಿಸಿದರು. ಮುಂದೆ ದಾರಿಯಿಲ್ಲದಾಗ ಬೇರಿಗೆ ಓಡಿ ಬರಬೇಕಾಗಿಲ್ಲ. ಈವರೆಗೆ ಓದಿದ ಅಕ್ಷರಗಳ ಬಾಲವು ಇನ್ನಾವುದಾದರೂ ಪದದ ತಲೆಯಾಗಿದ್ದರೆ ನೇರವಾಗಿ ಅಲ್ಲಿಗೆ ಹಾರಬಹುದು. 'ಪರಮರಥ' ಎಂಬ ಸಮಾಸವನ್ನು ಓದಿ ನೋಡಿ. ಪಕಾರಕ್ಕೆ ಕೊಂಬೆಯಿಲ್ಲ, ಬೇರಿನಲ್ಲಿಯೇ ನಿಲ್ಲುತ್ತೇವೆ. ರಕಾರ ಬಂದಾಗ 'ರ' ಕೊಂಬೆಯನ್ನು ಏರುತ್ತೇವೆ. ಮಕಾರಕ್ಕೆ ಅಲ್ಲಿ ದಾರಿಯಿಲ್ಲ. ಬೇರಿಗೆ ಬಂದು 'ಮ' ಕೊಂಬೆಯನ್ನು ಹಿಡಿಯುತ್ತೇವೆ. ಮತ್ತೆ ರಕಾರ: 'ಮರ' ಸಿಕ್ಕಿತು. ಈಗ ಥಕಾರ. 'ಮರಥ' ಎಂಬ ಪದವಿಲ್ಲ. ಆದರೆ 'ಮರ'ದ ಬಾಲವಾದ 'ರ' ಎಂಬುದು ಇನ್ನೊಂದು ಕೊಂಬೆಯ ತಲೆಯಲ್ಲವೇ? ಅಲ್ಲಿಗೆ ಹಾರಿ ಥಕಾರವನ್ನು ತೆಗೆದುಕೊಂಡರೆ 'ರಥ' ಸಿಕ್ಕಿತು. ಪಠ್ಯದ ಯಾವ ಅಕ್ಷರವನ್ನೂ ನಾವು ಎರಡನೆಯ ಸಲ ಓದಲಿಲ್ಲ. ಪಟ್ಟಿಯಲ್ಲಿ ನಾಲ್ಕು ಪದಗಳಿದ್ದರೂ ನಾಲ್ಕು ಸಾವಿರವಿದ್ದರೂ ಓದು ಒಂದೇ.

ಗಣಕಯಂತ್ರದ ವೈರಸ್ಸುಗಳನ್ನು ಹುಡುಕುವ ಕ್ಲಾಮ್‌ಎವಿ, ಜಾಲದ ಮೇಲಿನ ಆಕ್ರಮಣಗಳನ್ನು ಗುರುತಿಸುವ ಸ್ನಾರ್ಟ್ ಮೊದಲಾದ ಸಾಧನಗಳು ಈ ವಿಧಾನವನ್ನು ಬಳಸಿವೆ. ಬರಿಯ ಪದಗಳಲ್ಲದೆ ಪೂರ್ಣ ಸೂತ್ರಗಳ ಸಮೂಹವನ್ನೂ ಒಂದೇ ಓದಿನಲ್ಲಿ ಪರೀಕ್ಷಿಸುವ ಸಾಮಗ್ರಿಗಳು ಇಂದು ಎಲ್ಲರಿಗೂ ಲಭ್ಯ. ಗೂಗಲ್ 2010ರಲ್ಲಿ ಬಿಡುಗಡೆ ಮಾಡಿದ ಆರ್‌ಇ2, ಇಂಟೆಲ್ 2015ರಲ್ಲಿ ಬಿಡುಗಡೆ ಮಾಡಿದ ಹೈಪರ್‌ಸ್ಕ್ಯಾನ್, ರಸ್ಟ್ ಭಾಷೆಯ ಸೂತ್ರಭಂಡಾರ ಇವೆಲ್ಲ ಅಂಥವು. ಬೆರಳುಗಳ ದೃಷ್ಟಾಂತವನ್ನು ನೆನೆದರೆ ಇದರಲ್ಲಿ ರಹಸ್ಯವೇನೂ ಇಲ್ಲ. ಹಲವು ನಕ್ಷೆಗಳನ್ನು ಒಂದೇ ಮೇಜಿನ ಮೇಲೆ ಹರಡಿ, ಎಲ್ಲದರ ಮೇಲೂ ಬೆರಳುಗಳನ್ನು ಒಟ್ಟಿಗೆ ನಡೆಸಿದರೆ ಆಯಿತು. ಆರ್‌ಇ2 ಮತ್ತು ರಸ್ಟ್‌ಗಳ ಸಮೂಹಪರೀಕ್ಷೆ ಯಾವ ಯಾವ ಸೂತ್ರಗಳು ಹೊಂದಿದವೆಂದು ಮಾತ್ರ ತಿಳಿಸುತ್ತದೆ; ಎಲ್ಲಿ ಹೊಂದಿದವೆಂದು ಬೇಕಾದರೆ ಹೊಂದಿದ ಆ ಕೆಲವನ್ನಷ್ಟೇ ಮತ್ತೆ ನಡೆಸಬೇಕು. ನೂರರ ಬದಲು ಎರಡನ್ನೋ ಮೂರನ್ನೋ ನಡೆಸುವುದು ಭಾರವಲ್ಲ.

ಈ ಮಾರ್ಗದಲ್ಲಿ ದೋಷವೇ ಇಲ್ಲವೆಂದು ನಾವು ಹೇಳುವುದಿಲ್ಲ. ಬೆರಳುಗಳ ಪ್ರತಿಯೊಂದು ವಿನ್ಯಾಸವನ್ನೂ ಒಂದೊಂದು ಸ್ಥಿತಿಯೆಂದು ಮೊದಲೇ ಬರೆದಿಡಹೊರಟರೆ ಕೆಲವು ಸೂತ್ರಗಳಿಗೆ ಸ್ಥಿತಿಗಳ ಸಂಖ್ಯೆ ಅಪಾರವಾಗಿ ಬೆಳೆದು ಯಂತ್ರದ ನೆನಪನ್ನೆಲ್ಲ ನುಂಗಿಬಿಡುತ್ತದೆ. ಅದಕ್ಕಾಗಿ ಬೇಕಾದಾಗ ಬೇಕಾದಷ್ಟನ್ನೇ ಬರೆದುಕೊಳ್ಳುವ ಉಪಾಯವನ್ನು ಅನುಸರಿಸುತ್ತಾರೆ. ಇನ್ನು ಹತ್ತು ಸೂತ್ರಗಳು, ಒಂದು ಚಿಕ್ಕ ಪತ್ರ, ದಿನಕ್ಕೊಮ್ಮೆ ನಡೆಯುವ ಕೆಲಸ, ಬರೆದವರೂ ಬಳಸುವವರೂ ನಾವೇ ಎಂದಾದರೆ ಒಂದಾದ ಮೇಲೊಂದರಂತೆ ಪರೀಕ್ಷಿಸುವುದೇ ಉಚಿತ. ಅಲ್ಲಿ ಸರಳತೆಯೇ ಗುಣ. ಆದರೆ ಪಠ್ಯವು ಅಪರಿಚಿತರಿಂದ ಬರುವಂತಿದ್ದರೆ, ಸೂತ್ರಗಳ ಪಟ್ಟಿ ವರ್ಷವರ್ಷಕ್ಕೆ ಬೆಳೆಯುವಂತಿದ್ದರೆ, ಆ ಸರಳತೆಯು ಅಜಾಗ್ರತೆಯಾಗಿ ಮಾರ್ಪಡುತ್ತದೆ. ಎಲ್ಲಿ ಗೆರೆಯೆಳೆಯಬೇಕೆಂಬ ವಿವೇಚನೆಯು ಒಳಗಿನ ಯಂತ್ರವನ್ನು ಬಲ್ಲವನಿಗೆ ಮಾತ್ರ ಸಾಧ್ಯ.

ಕನ್ನಡಿಗರಾದ ನಮಗೆ ಈ ವಿಷಯದಲ್ಲಿ ವಿಶೇಷವಾದ ಆಸ್ಥೆ ಇರಬೇಕಾದ ಕಾರಣವೂ ಉಂಟು. ನಮ್ಮ ಭಾಷೆಯಲ್ಲಿ ಒಂದು ಪದವೆಂದರೆ ಒಂದು ರೂಪವಲ್ಲ. ಮರವು, ಮರವನ್ನು, ಮರದಿಂದ, ಮರಕ್ಕೆ, ಮರದಲ್ಲಿ, ಮರಗಳು: ಹೀಗೆ ವಿಭಕ್ತಿ ವಚನಗಳಿಗೆ ತಕ್ಕಂತೆ ರೂಪ ಬದಲಾಗುತ್ತದೆ. ಕನ್ನಡ ಪಠ್ಯದಲ್ಲಿ ಒಂದು ಪದವನ್ನು ಹುಡುಕುವುದೆಂದರೆ ಎಷ್ಟೋ ವೇಳೆ ಒಂದು ಸೂತ್ರಸಮೂಹವನ್ನೇ ಹುಡುಕಿದಂತೆ. ಜೊತೆಗೆ ಲಿಪಿಯ ತೊಡಕುಗಳು. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವಿದೆ. ಆದರೆ ನಾವು ಅಕ್ಷರವೆಂದು ಎಣಿಸುವುದು ಬೇರೆ, ಯಂತ್ರವು ಎಣಿಸುವುದು ಬೇರೆ. 'ಕ್ಷ' ನಮಗೆ ಒಂದು ಅಕ್ಷರ; ಯಂತ್ರಕ್ಕೆ ಕ, ವಿರಾಮ, ಷ ಎಂಬ ಮೂರು ಸಂಕೇತಗಳು. ಹಾಗೆಯೇ ಸ್ವರಚಿಹ್ನೆಯೂ ಒಂದು ಪ್ರತ್ಯೇಕ ಸಂಕೇತ. ಇದರಿಂದಾಗಿ 'ಮರ' ಎಂಬ ಬರಿಯ ಸೂತ್ರವು 'ಮರ್ಮ'ದಲ್ಲಿಯೂ 'ಮರಾಠಿ'ಯಲ್ಲಿಯೂ 'ಮರುದಿನ'ದಲ್ಲಿಯೂ ಹೊಂದಿಬಿಡುತ್ತದೆ! ಮುಂದೆ ಸ್ವರಚಿಹ್ನೆಯಾಗಲಿ ವಿರಾಮವಾಗಲಿ ಬರಕೂಡದೆಂದು ನಾವೇ ವಿಧಿಸಬೇಕು. 'ಕೋ' ಎಂಬ ಅಕ್ಷರವನ್ನು ಎರಡು ಸಂಕೇತಗಳಿಂದ ಬರೆಯಬಹುದು, ಬಿಡಿಸಿದರೆ ನಾಲ್ಕರಿಂದಲೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಅನುಸ್ವಾರದ ಬದಲು ಕನ್ನಡದ ಸೊನ್ನೆಯನ್ನು ಒತ್ತಿ 'ಬೆಂಗಳೂರು' ಎಂಬುದನ್ನು 'ಬೆ೦ಗಳೂರು' ಎಂದು ಬರೆದಿರುವ ಪಠ್ಯಗಳೂ ಸಿಗುತ್ತವೆ. ವಾಚಕರಿಗೆ ಭೇದ ಕಾಣದು. ಸೂತ್ರಕ್ಕೆ ಅವೆರಡೂ ಬೇರೆ ಬೇರೆ ಊರುಗಳು. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ 'ಪದದಲ್ಲಿ ಬರುವ ಅಕ್ಷರ' ಎಂಬುದಕ್ಕಿರುವ ಸಿದ್ಧಸಂಕೇತವು ರೋಮನ್ ಅಕ್ಷರ, ಅಂಕೆ ಮತ್ತು ಅಡಿಗೆರೆಗಳನ್ನಷ್ಟೇ ಒಪ್ಪುತ್ತದೆ. ಅದರ ದೃಷ್ಟಿಯಲ್ಲಿ ಕನ್ನಡದ ಅಕ್ಷರಗಳು ಅಕ್ಷರಗಳೇ ಅಲ್ಲ.

ಆದ್ದರಿಂದ ಕನ್ನಡ ಪಠ್ಯವನ್ನು ಹುಡುಕುವ ಮುನ್ನ ಅದನ್ನು ಒಂದೇ ರೂಪಕ್ಕೆ ತಂದುಕೊಳ್ಳಬೇಕು. 'ಕೋ'ದಂತಹ ಭೇದಗಳನ್ನು ಯೂನಿಕೋಡಿನ ಏಕರೂಪಗೊಳಿಸುವ ನಿಯಮಗಳು ಸರಿಪಡಿಸುತ್ತವೆ. ಸೊನ್ನೆಯ ತಪ್ಪನ್ನು ನಾವೇ ತಿದ್ದಬೇಕು. ಅನಂತರ ಪದರೂಪಗಳನ್ನೆಲ್ಲ ಒಂದೇ ಯಂತ್ರವನ್ನಾಗಿ ಕಟ್ಟಬೇಕು. ಹಳೆಯ ಪತ್ರಿಕೆಗಳನ್ನೂ ಕಡತಗಳನ್ನೂ ಗ್ರಂಥಗಳನ್ನೂ ಹುಡುಕುವ ಸಾಧನಗಳನ್ನು ಕನ್ನಡಕ್ಕಾಗಿ ಕಟ್ಟುವವರು ಇಂದು ಶಾಲಾ ಕಾಲೇಜುಗಳಲ್ಲಿ ಕುಳಿತಿರುವ ಹುಡುಗ ಹುಡುಗಿಯರೇ. ಅನ್ಯಭಾಷೆಯ ಲಿಪಿಗೆಂದು ಬರೆದ ಸೂತ್ರಗಳನ್ನು ನಕಲು ಮಾಡಿ ಅಂಟಿಸಿದರೆ ಆ ಕೆಲಸ ಸಾಗದು.

ಆದರೆ ಸಾಮಾನ್ಯವಾಗಿ ನಡೆಯುವುದೇನು? ಸ್ಥಿತಿಯಂತ್ರಗಳ ಸಿದ್ಧಾಂತವನ್ನು ಒಂದು ಕೋಣೆಯಲ್ಲಿ ಪರೀಕ್ಷೆಗಾಗಿ ಬೋಧಿಸುತ್ತಾರೆ. ವೃತ್ತಗಳನ್ನೂ ಬಾಣಗಳನ್ನೂ ಬರೆದು ಅಂಕಗಳನ್ನು ಪಡೆದ ವಿದ್ಯಾರ್ಥಿ ಅದನ್ನು ಮರೆಯುತ್ತಾನೆ. ಮತ್ತೊಂದು ಕೋಣೆಯಲ್ಲಿ ಕ್ರಮವಿಧಿಯ ಅಭ್ಯಾಸ ನಡೆಯುತ್ತದೆ. ಅಲ್ಲಿ ಸೂತ್ರವೆಂದರೆ ಎಲ್ಲಿಂದಲೋ ತಂದು ಬಳಸುವ ಮಂತ್ರ. ಈ ಎರಡು ಕೋಣೆಗಳ ನಡುವಣ ಗೋಡೆಯನ್ನು ತೆಗೆಯಬೇಕೆಂಬುದು ಅಧ್ಯಾಪಕರಲ್ಲಿ ನಮ್ಮ ಪ್ರಾರ್ಥನೆ. ಕ್ಲೀನಿಯವರ ಪ್ರಮೇಯವನ್ನು ಬೋಧಿಸಿದ ವಾರದಲ್ಲಿಯೇ ಜುಲೈ 2ರ ಘಟನೆಯನ್ನೂ ಬೋಧಿಸಬೇಕು.

ವಿದ್ಯಾರ್ಥಿಗಳು ಅಧ್ಯಾಪಕರಿಗಾಗಿ ಕಾಯಬೇಕಾಗಿಯೂ ಇಲ್ಲ. ಎರಡು ಸಣ್ಣ ಪ್ರಯೋಗಗಳನ್ನು ಈ ವಾರವೇ ಮಾಡಬಹುದು. ಒಂದು ಹಾಳೆಯ ಮೇಲೆ ನಿಮಗೆ ಇಷ್ಟವಾದ ಐದಾರು ಕನ್ನಡ ಪದಗಳ ವೃಕ್ಷವನ್ನು ಬರೆದು, ಬಾಲದಿಂದ ತಲೆಗೆ ಹಾರುವ ಗೆರೆಗಳನ್ನು ಸೇರಿಸಿ, ಒಂದು ವಾಕ್ಯವನ್ನು ಅಕ್ಷರ ಅಕ್ಷರವಾಗಿ ಅದರ ಮೇಲೆ ನಡೆಸಿ ನೋಡಿ. ಅನಂತರ ಗಣಕಯಂತ್ರವಿದ್ದಲ್ಲಿ, ಪೈಥಾನ್ ಭಾಷೆಯಲ್ಲಿ '(ಅ+)+ಬ' ಎಂಬ ಸೂತ್ರಕ್ಕೆ 20, 22, 24, 26 ಅಕಾರಗಳ ಪಠ್ಯಗಳನ್ನು ಕೊಟ್ಟು ತಗಲುವ ಕಾಲವನ್ನು ಬರೆದಿಟ್ಟುಕೊಳ್ಳಿ. ಎರಡೆರಡು ಅಕ್ಷರಗಳು ಹೆಚ್ಚಿದಂತೆ ಕಾಲವು ಹೆಚ್ಚುಕಡಿಮೆ ನಾಲ್ಕು ಪಟ್ಟಾಗುವುದನ್ನು ನಿಮ್ಮ ಗಡಿಯಾರವೇ ತೋರಿಸುತ್ತದೆ. ಅದನ್ನು ಒಮ್ಮೆ ಕಣ್ಣಾರೆ ಕಂಡ ವಿದ್ಯಾರ್ಥಿಯು ಮುಂದೆ ಎಲ್ಲಿ ಕೆಲಸಕ್ಕಿದ್ದರೂ, ನೂರು ಸೂತ್ರಗಳ ಪಟ್ಟಿಗೆ ನೂರೊಂದನೆಯದನ್ನು ಸೇರಿಸುವ ಮೊದಲು ಅರೆಗಳಿಗೆ ನಿಂತು ಆಲೋಚಿಸುತ್ತಾನೆ. ಅಷ್ಟಾದರೆ ಈ ಲೇಖನವನ್ನು ಬರೆದ ನಮ್ಮ ಶ್ರಮ ಸಾರ್ಥಕ.